ಸೀಗಡಿ ಬಾರದೆ ಹೋಗಿದ್ದರೆ?

ಗೆದ್ದವನ ಹಟವನ್ನು ಲೋಕ ಛಲವೆಂದು ಕರೆಯುತ್ತದೆ. ಸೋತವನ ಛಲವನ್ನು ಹಟವೆಂದು ಕರೆಯುತ್ತದೆ. ಬಾವಿ ತೋಡಿಸಿದವನಿಗೆ ನೀರು ಸಿಕ್ಕಿತೋ, ಅವನು ದೂರದೃಷ್ಟಿಯುಳ್ಳವನು. ಸಿಗಲಿಲ್ಲವೋ, ಹೆಂಡತಿಯ ಒಡವೆಯನ್ನು ಮಣ್ಣುಪಾಲು ಮಾಡಿದ ಅವಿವೇಕಿ. ತೋಡಿಸುವಾಗ ಅವನ ಮನಸ್ಸಿನಲ್ಲಿದ್ದ ಲೆಕ್ಕಾಚಾರ ಎರಡು ಸಂದರ್ಭಗಳಲ್ಲಿಯೂ ಒಂದೇ, ಒಡವೆಯೂ ಅದೇ. ಬೇರೆಯಾದದ್ದು ನೆಲದಡಿಯ ನೀರು ಮಾತ್ರ. ಆದರೂ ನಾವು ಅವನ ನಡತೆಗೆ ತೀರ್ಪು ಕೊಡುವುದು ಆ ನೀರನ್ನು ನೋಡಿಕೊಂಡೇ. ಫಲದಿಂದ ಕರ್ಮವನ್ನು ಅಳೆಯುವ ಈ ಪದ್ಧತಿ ಬಹಳ ಹಳೆಯದು. ಅದನ್ನು ಒಪ್ಪದವರೂ ನಮ್ಮಲ್ಲಿ ಇದ್ದರು. ಸೋತು ತೊಡೆ ಮುರಿದುಕೊಂಡ ದುರ್ಯೋಧನನ ಛಲವನ್ನು ಪಂಪ ಮನಸಾರೆ ಮೆಚ್ಚಿದ್ದಾನೆ. ಆದರೆ ಲೋಕವ್ಯವಹಾರದಲ್ಲಿ ಪಂಪನ ಮಾತು ನಡೆಯುವುದು ಅಪರೂಪ.

ಈ ಪ್ರಶ್ನೆಯನ್ನು ಕಣ್ಣಿಗೆ ಕಟ್ಟುವಂತೆ ಮುಂದಿಡುವ, ಆದರೆ ಉತ್ತರ ಹೇಳುವ ಸಮಯ ಬಂದಾಗ ಜಾಣತನದಿಂದ ಪಕ್ಕಕ್ಕೆ ಸರಿಯುವ ಒಂದು ಅಮೆರಿಕನ್ ಚಲಚ್ಚಿತ್ರವಿದೆ. 1953ರಲ್ಲಿ ತೆರೆಕಂಡ 'ಥಂಡರ್ ಬೇ' ಅದರ ಹೆಸರು. ನಿರ್ದೇಶಕ ಆಂಟನಿ ಮ್ಯಾನ್. ನಾಯಕನ ಪಾತ್ರದಲ್ಲಿ ಜೇಮ್ಸ್ ಸ್ಟೂವರ್ಟ್. ಇವರಿಬ್ಬರೂ ಕೂಡಿ ಮಾಡಿದ ಎಂಟು ಚಿತ್ರಗಳಲ್ಲಿ ಇದು ಅತ್ಯುತ್ತಮವೆಂದು ಯಾರೂ ಹೇಳುವುದಿಲ್ಲ. ಆದರೆ ಕಲೆಯ ದೃಷ್ಟಿಯಿಂದ ಎರಡನೆಯ ದರ್ಜೆಯದಾದ ಕೃತಿ ತನ್ನ ಕಾಲದ ನಂಬಿಕೆಯನ್ನು ಕೆಲವೊಮ್ಮೆ ಹೆಚ್ಚು ಮುಗ್ಧವಾಗಿ ಬಾಯಿಬಿಟ್ಟು ಹೇಳುತ್ತದೆ. ಶ್ರೇಷ್ಠ ಕೃತಿ ಮುಚ್ಚಿಡಬಲ್ಲದ್ದನ್ನು ಮುಚ್ಚಿಡುವ ಚಾತುರ್ಯ ಇದಕ್ಕಿಲ್ಲ.

ಕಥೆ ಸರಳವಾದದ್ದು. ಎರಡನೆಯ ಮಹಾಯುದ್ಧ ಮುಗಿದ ಹೊಸದು. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ, ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ, ಪೋರ್ಟ್ ಫೆಲಿಸಿಟಿ ಎಂಬ ಕಲ್ಪಿತ ಊರು. ಅಲ್ಲಿಯ ಜನ ಸೀಗಡಿ ಹಿಡಿದು ಬದುಕುವವರು. ಆ ಊರಿಗೆ ಸ್ಟೀವ್ ಮಾರ್ಟಿನ್ ಎಂಬ ಎಣ್ಣೆ ಶೋಧಕ ತನ್ನ ಗೆಳೆಯ ಜಾನಿ ಗಾಂಬಿಯೊಡನೆ ಬರುತ್ತಾನೆ. ಕೈಯಲ್ಲಿ ಕಾಸಿಲ್ಲ; ಇರುವುದು ಒಂದು ಕನಸು ಮಾತ್ರ. ಸಮುದ್ರದ ತಳದಲ್ಲಿ ಕಲ್ಲೆಣ್ಣೆ ಇದೆ, ಬಿರುಗಾಳಿಗೂ ಅಲುಗದ ಅಟ್ಟಣೆಯನ್ನು ನೀರಿನ ನಡುವೆ ನಿಲ್ಲಿಸಿ ಅದನ್ನು ಮೇಲಕ್ಕೆತ್ತಬಹುದು ಎಂಬುದು ಆ ಕನಸು. ಹಣವಂತನೊಬ್ಬ ಅದನ್ನು ನಂಬಿ ಬಂಡವಾಳ ಹೂಡುತ್ತಾನೆ. ತಳವನ್ನು ಪರೀಕ್ಷಿಸಲು ಇವರು ನೀರಿನಲ್ಲಿ ಸಿಡಿಮದ್ದು ಹಾರಿಸುತ್ತಾರೆ. ಸೀಗಡಿಯ ತಾಣವೆಲ್ಲ ಹಾಳಾಗುತ್ತದೆಂದು ಬೆಸ್ತರು ಸಿಟ್ಟಾಗುತ್ತಾರೆ. ದೋಣಿಯ ಒಡೆಯ ರಿಗೋ ಎಂಬಾತನ ಹಿರಿಯ ಮಗಳು ಸ್ಟೆಲ್ಲಾ ಈ ಹೊರಗಿನವರನ್ನು ಮೊದಲಿನಿಂದಲೂ ನಂಬುವುದಿಲ್ಲ. ಕಿರಿಯ ಮಗಳು ಜಾನಿಯನ್ನು ಒಲಿಯುತ್ತಾಳೆ. ಆ ಕಿರಿಯಳನ್ನೇ ಬಯಸಿದ್ದ ಊರಿನ ತರುಣ ಫಿಲಿಪ್ ಒಂದು ಬಿರುಗಾಳಿಯ ರಾತ್ರಿ ಅಟ್ಟಣೆಯನ್ನು ಸಿಡಿಸಲು ಹೋಗಿ, ಸ್ಟೀವನೊಡನೆ ನಡೆದ ಹೊಡೆದಾಟದಲ್ಲಿ ಸಮುದ್ರಕ್ಕೆ ಬಿದ್ದು ಸಾಯುತ್ತಾನೆ.

ಇಲ್ಲಿಗೆ ಕಥೆ ಗಂಟು ಬಿದ್ದಿದೆ. ಒಂದು ಕಡೆ ಊರಿನ ಹಸಿವು, ಇನ್ನೊಂದು ಕಡೆ ಒಬ್ಬನ ಛಲ. ನಡುವೆ ಒಂದು ಹೆಣ. ಈ ಗಂಟನ್ನು ಚಿತ್ರ ಹೇಗೆ ಬಿಡಿಸುತ್ತದೆ? ಅಟ್ಟಣೆಯ ಯಂತ್ರಕ್ಕೆ ಸಮುದ್ರದ ನೀರೆಳೆಯುವ ಕೊಳವೆ ಪದೇ ಪದೇ ಕಟ್ಟಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಸೀಗಡಿ! ಅದೂ ಊರಿನವರು ವರ್ಷಗಟ್ಟಲೆ ಅರಸುತ್ತಿದ್ದ ಹೊಂಬಣ್ಣದ ದೊಡ್ಡ ಸೀಗಡಿ. ಅಟ್ಟಣೆ ನಿಂತ ಜಾಗವೇ ಅದರ ತಾಣ. ಬೆಸ್ತರು ದೋಣಿಗಳಲ್ಲಿ ಜಗಳಕ್ಕೆ ಬರುತ್ತಾರೆ, ಸೀಗಡಿ ಸಿಕ್ಕುತ್ತದೆ, ಅದೇ ವೇಳೆಗೆ ಎಣ್ಣೆಯೂ ಚಿಮ್ಮುತ್ತದೆ. ಊರಿಗೆ ಸೀಗಡಿ, ನಾಯಕನಿಗೆ ಎಣ್ಣೆ, ಜೊತೆಗೆ ಸ್ಟೆಲ್ಲಾ. ಯಾರಿಗೂ ನಷ್ಟವಿಲ್ಲ. ಫಿಲಿಪ್‌ನ ಮಾತನ್ನು ಮತ್ತೆ ಎತ್ತುವವರಿಲ್ಲ.

ಪ್ರೇಕ್ಷಕನೇನೋ ಸಂತೋಷದಿಂದ ಎದ್ದು ಮನೆಗೆ ಹೋಗುತ್ತಾನೆ. ದಾರಿಯಲ್ಲಿ ಒಂದು ಸಣ್ಣ ಪ್ರಶ್ನೆ ಅವನನ್ನು ತಡೆಯಬೇಕು. ಸೀಗಡಿ ಬಾರದೆ ಹೋಗಿದ್ದರೆ? ಕೊಳವೆಯಲ್ಲಿ ಪಾಚಿ ಮಾತ್ರ ಸಿಕ್ಕಿದ್ದರೆ? ಆಗಲೂ ಸ್ಟೀವ್ ಅದೇ ಮನುಷ್ಯ, ಅವನ ಮಾತು ಅದೇ, ಮಾಡಿದ ಕೆಲಸ ಅದೇ. ಆದರೆ ನಾವು ಅವನನ್ನು ಊರು ಹಾಳುಮಾಡಿದವನೆಂದು ಬಯ್ಯುತ್ತಿದ್ದೆವು. ಹಾಗಾದರೆ ಅವನನ್ನು ನಾಯಕನನ್ನಾಗಿ ಮಾಡಿದ್ದು ಅವನ ಗುಣವೋ ಸೀಗಡಿಯೋ?

ನಾಯಕನಿಗೆ ನ್ಯಾಯ ಸಲ್ಲಬೇಕಾದರೆ, ಅವನು ಏನನ್ನು ಬಲ್ಲವನಾಗಿದ್ದ ಎಂಬುದನ್ನು ಮೊದಲು ತಿಳಿಯಬೇಕು. ಭೂಗರ್ಭವನ್ನು ಶೋಧಿಸುವವರ ಜ್ಞಾನ ವಿಚಿತ್ರ ಬಗೆಯದು. ಮೆಕ್ಸಿಕೋ ಕೊಲ್ಲಿಯ ಅಡಿಯಲ್ಲಿ, ಸಮುದ್ರ ಬತ್ತಿ ಉಳಿದ ಬಹು ಪುರಾತನವಾದ ಉಪ್ಪಿನ ಪದರವೊಂದಿದೆ. ಅದರ ಮೇಲೆ ನದಿಗಳು ತಂದ ಹೂಳು ಸಾವಿರಾರು ಅಡಿ ಕೂತಿದೆ. ಭಾರಕ್ಕೆ ಸಿಕ್ಕಿದ ಉಪ್ಪು, ತಾನು ಹಗುರವಾದ್ದರಿಂದ, ಅಲ್ಲಲ್ಲಿ ಗುಮ್ಮಟದಂತೆ ಉಬ್ಬಿ ಮೇಲೇರುತ್ತದೆ. ಸುತ್ತಲಿನ ಪದರಗಳನ್ನು ಬಾಗಿಸುತ್ತದೆ. ಮೇಲಕ್ಕೆ ಜಿನುಗಿ ಬರುವ ಎಣ್ಣೆ ಈ ಬಾಗಿದ ಪದರಗಳಲ್ಲಿ, ಉಪ್ಪಿನ ಗೋಡೆಗೆ ಒರಗಿ, ಮುಂದೆ ಹೋಗಲಾರದೆ ಸಿಕ್ಕಿಕೊಳ್ಳುತ್ತದೆ. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್ ಎಂಬಲ್ಲಿ ಎಣ್ಣೆ ಕಾರಂಜಿಯಂತೆ ಚಿಮ್ಮಿದ್ದು ಇಂಥದೊಂದು ಗುಮ್ಮಟದ ಮೇಲೆಯೇ. ನೆಲದಲ್ಲಿರುವ ಗುಮ್ಮಟ ನೀರಿನಡಿಯಲ್ಲಿಯೂ ಏಕಿರಬಾರದು ಎಂಬುದು ಸಹಜವಾದ ತರ್ಕ. ಅದನ್ನು ಪತ್ತೆಮಾಡಲು ಸಿಡಿಮದ್ದು ಹಾರಿಸುತ್ತಾರೆ. ಆ ಸದ್ದು ಕೆಳಗಿಳಿದು, ಬೇರೆ ಬೇರೆ ಪದರಗಳಿಗೆ ತಗುಲಿ, ಮರುದನಿಯಾಗಿ ಹಿಂದಿರುಗುತ್ತದೆ. ಮರುದನಿ ಬರಲು ಹಿಡಿದ ಹೊತ್ತಿನಿಂದ ಆಳವನ್ನು ಲೆಕ್ಕಹಾಕಿ ನಕ್ಷೆ ಬರೆಯುತ್ತಾರೆ.

ಆದರೆ ಆ ನಕ್ಷೆ ಹೇಳುವುದು ಇಷ್ಟೆ: ಎಣ್ಣೆ ನಿಲ್ಲಬಹುದಾದ ಪಾತ್ರೆ ಇಲ್ಲಿದೆ. ಪಾತ್ರೆಯಲ್ಲಿ ಎಣ್ಣೆ ಇದೆಯೋ ಇಲ್ಲವೋ ಎಂಬುದನ್ನು ಕೊರೆದೇ ನೋಡಬೇಕು. ಹೊಸ ಜಾಗದಲ್ಲಿ ಕೊರೆದ ಬಾವಿಗಳಲ್ಲಿ ಹೆಚ್ಚಿನವು ಬರಿದಾಗಿಯೇ ಹೋಗುತ್ತಿದ್ದುವೆಂಬುದು ಆ ವೃತ್ತಿಯವರಿಗೆಲ್ಲ ತಿಳಿದ ಸಂಗತಿ. ಆದ್ದರಿಂದ ಸ್ಟೀವ್ ಮಾರ್ಟಿನ್ 'ಇದೆ' ಎಂದು ಗುಡುಗುವಾಗ ಅವನು ಹೇಳಬೇಕಾಗಿದ್ದುದು 'ಇರಬಹುದು' ಎಂದು. ಇದೆಯೆಂದು ನಂಬದೆ ಹೊರಟರೆ ಯಾರೂ ಸಮುದ್ರದ ನಡುವೆ ಅಟ್ಟಣೆ ಕಟ್ಟಲಾರರು ಎಂಬುದೂ ನಿಜವೇ. ಸಾಹಸಿಯ ಮನಸ್ಸಿಗೆ ಈ ಅತಿಶಯೋಕ್ತಿ ಬೇಕು. ಆದರೆ ತನ್ನ ಮನಸ್ಸಿಗೆ ಬೇಕಾದ ನಂಬಿಕೆಯನ್ನು ಇನ್ನೊಬ್ಬರ ಪಾಲಿಗೆ ಪ್ರಮಾಣವೆಂದು ಮುಂದಿಡಬಹುದೇ?

ನಾಯಕನ ಪರವಾಗಿ ಹೇಳಬಹುದಾದ ಮಾತುಗಳು ಹಲವು. ಅವನು ಕುರ್ಚಿಯಲ್ಲಿ ಕೂತು ಇತರರನ್ನು ಸಮುದ್ರಕ್ಕೆ ಅಟ್ಟಿದವನಲ್ಲ. ಬಿರುಗಾಳಿಯಲ್ಲಿ ತಾನೇ ಅಟ್ಟಣೆಯ ಮೇಲೆ ನಿಂತವನು. ಕಂಪನಿಯವರು ಕೈಬಿಟ್ಟಾಗ ಆ ಹಣವಂತ ತನ್ನ ಸ್ವಂತ ಹಣವನ್ನು ಸುರಿದ. ಇನ್ನು ಬೆಸ್ತರೂ ದೇವತೆಗಳಲ್ಲ. ಸಮುದ್ರ ತಮ್ಮದೆಂದು ಅವರು ಹೇಳಿದರೂ, ದೊಡ್ಡ ಬಲೆಯನ್ನು ಯಂತ್ರದ ದೋಣಿಯಿಂದ ಎಳೆದು ಸೀಗಡಿ ಬಾಚುವ ಪದ್ಧತಿ ಆ ಕರಾವಳಿಗೆ ಬಂದದ್ದೇ 1910ರ ದಶಕದಲ್ಲಿ. ಅದನ್ನೂ ಆಗ ಹಳಬರು ಶಪಿಸಿರಬೇಕು. ಕೊನೆಯದಾಗಿ, ಎಣ್ಣೆ ಯಾರಿಗೆ ಬೇಡ? ಬೆಸ್ತರ ದೋಣಿಗೂ ಅದು ಬೇಕು. ಈ ಪತ್ರಿಕೆಯನ್ನು ವಾಚಕರ ಮನೆ ಬಾಗಿಲಿಗೆ ತಂದ ವಾಹನಕ್ಕೂ ಬೇಕು. ಎಣ್ಣೆಯಿಂದ ಬಂದ ಸುಖವನ್ನೆಲ್ಲ ಅನುಭವಿಸುತ್ತ ಅದನ್ನು ಹುಡುಕಿದವನನ್ನು ಮಾತ್ರ ಹಳಿಯುವುದು ಕೃತಘ್ನತೆ.

ಇವೆಲ್ಲವನ್ನೂ ಒಪ್ಪಿಕೊಳ್ಳೋಣ. ಒಪ್ಪಿಕೊಂಡ ಮೇಲೆಯೂ ಒಂದು ತೊಡಕು ಉಳಿಯುತ್ತದೆ. ಜೂಜಿನಲ್ಲಿ ಎರಡು ಬಗೆ. ತನ್ನದನ್ನು ಒಡ್ಡಿ ಆಡುವುದು ಒಂದು. ಇತರರದನ್ನು ಒಡ್ಡಿ ಆಡುವುದು ಇನ್ನೊಂದು. ಧರ್ಮರಾಯ ಭಂಡಾರವನ್ನು ಒಡ್ಡಿದಾಗ ಸಭೆ ಸುಮ್ಮನಿತ್ತು. ದ್ರೌಪದಿಯನ್ನು ಒಡ್ಡಿದಾಗ ಏಳಬೇಕಾದ ಪ್ರಶ್ನೆ ಎದ್ದಿತು. ಸ್ಟೀವ್ ತನ್ನ ಪ್ರಾಣವನ್ನು ಒಡ್ಡಿದ, ಸ್ನೇಹಿತ ಹಣವನ್ನು ಒಡ್ಡಿದ, ಅವರವರ ಸೊತ್ತು. ಆದರೆ ಆಟದ ಹಾಸಿನ ಮೇಲೆ ಸೀಗಡಿಯ ತಾಣವೂ ಇತ್ತು. ಎಣ್ಣೆ ಸಿಕ್ಕಿದರೆ ಅದರಲ್ಲಿ ಬೆಸ್ತರಿಗೆ ಪಾಲಿಲ್ಲ. ತಾಣ ಕೆಟ್ಟರೆ ನಷ್ಟವೆಲ್ಲ ಅವರದೇ. ಗೆಲುವಿನಲ್ಲಿ ಪಾಲಿಲ್ಲದವರನ್ನು ಸೋಲಿಗೆ ಮಾತ್ರ ಪಾಲುದಾರರನ್ನಾಗಿ ಮಾಡುವ ಆಟ ಇದು. ಸಿಡಿಮದ್ದಿನಿಂದ ಸೀಗಡಿಗೆ ಕೇಡಿಲ್ಲವೆಂದು ಸ್ಟೀವ್ ನಂಬಿದ್ದನೆನ್ನೋಣ. ನಂಬಿಕೆ ನಿಜವೇ ಆಗಿತ್ತೆನ್ನೋಣ. ಆದರೂ ಕೇಡಾದರೆ ಅನುಭವಿಸಬೇಕಾದವರು ಕೇಳುವ ಪ್ರಶ್ನೆಗೆ, ಕೇಡಾದರೂ ಏನೂ ಕಳೆದುಕೊಳ್ಳದವನ ನಂಬಿಕೆ ಉತ್ತರವಾಗಲಾರದು.

ಸಿಟ್ಟಾಗಿ ನಿಂತ ಊರಿನವರ ಮುಂದೆ ನಾಯಕ ಒಂದು ಭಾಷಣ ಮಾಡುತ್ತಾನೆ. ಕೋಟ್ಯಂತರ ವರ್ಷಗಳಿಂದ ಈ ಎಣ್ಣೆ ಇಲ್ಲಿದೆ, ದೇಶಕ್ಕೆ ಅದು ಬೇಕು, ನಾನಲ್ಲದಿದ್ದರೆ ಇನ್ನೊಬ್ಬ ಬರುತ್ತಾನೆ, ಮುನ್ನಡೆಯನ್ನು ತಡೆಯಲು ಯಾರಿಂದಲೂ ಆಗದು ಎಂಬುದು ಅದರ ತಾತ್ಪರ್ಯ. ಚಿತ್ರದ ನಿಜವಾದ ನಂಬಿಕೆ ಈ ಭಾಷಣದಲ್ಲಿದೆ, ಅದರ ನಿಜವಾದ ದೌರ್ಬಲ್ಯವೂ ಇಲ್ಲಿಯೇ ಇದೆ. ಮುನ್ನಡೆಯೆಂಬುದು ಪ್ರವಾಹದಂತೆ ತಾನಾಗಿ ನುಗ್ಗಿ ಬರುವುದಾದರೆ, ಅದರಲ್ಲಿ ತೇಲಿಬಂದ ಮರದ ದಿಮ್ಮಿಗೆ ಹೊಗಳಿಕೆ ಏತಕ್ಕೆ? ಅದು ಬಂದದ್ದು ತನ್ನ ಛಲದಿಂದಲೇ ಎನ್ನುವುದಾದರೆ, ತಂದದ್ದಕ್ಕೆ ಹೊಣೆಯೂ ತನ್ನದೇ. ಕೀರ್ತಿಯ ಹೊತ್ತಿಗೆ 'ನಾನು ಮಾಡಿದೆ', ಹೊಣೆಯ ಹೊತ್ತಿಗೆ 'ಕಾಲ ಮಾಡಿತು' ಎಂದರೆ ಅದು ಎರಡು ನಾಲಗೆಯ ಮಾತಾಗುತ್ತದೆ. ನಮ್ಮಲ್ಲಿಯೂ ದೊಡ್ಡ ಕೆಲಸಗಳ ಹೆಸರಿನಲ್ಲಿ ಈ ಮಾತನ್ನು ಆಗಾಗ ಕೇಳಿದ್ದೇವೆ.

ನಿಷ್ಕಾಮಕರ್ಮದ ಉಪದೇಶವನ್ನು ಇಂಥ ಕಡೆ ತಂದು ನಿಲ್ಲಿಸುವವರುಂಟು. ಫಲದ ಚಿಂತೆ ಬಿಟ್ಟು ಕೆಲಸ ಮಾಡು ಎಂದು ಗೀತೆಯೇ ಹೇಳಿದೆಯಲ್ಲ ಎಂದು ಅವರ ವಾದ. ಗೀತೆ ಬಿಡಲು ಹೇಳಿದ್ದು ತನಗೆ ಬರುವ ಫಲದ ಮೇಲಿನ ಆಸೆಯನ್ನು. ನೆರೆಯವನ ಮೇಲೆ ಬೀಳುವ ಫಲದ ಯೋಚನೆಯನ್ನು ಬಿಡಲು ಅದು ಎಲ್ಲಿಯೂ ಹೇಳಿಲ್ಲ. ಲೋಕಸಂಗ್ರಹವೆಂಬ ಮಾತು ಅದರಲ್ಲಿಯೇ ಇದೆ. ತನ್ನ ಲಾಭದ ಆಸೆಯನ್ನು ಭದ್ರವಾಗಿ ಇಟ್ಟುಕೊಂಡು ಪರರ ನಷ್ಟದ ಚಿಂತೆಯನ್ನು ಮಾತ್ರ ತ್ಯಾಗಮಾಡುವುದು ಗೀತೆಯನ್ನು ತಲೆಕೆಳಗಾಗಿ ಓದಿದ ಹಾಗೆ.

ಇನ್ನು ಚಿತ್ರದ ಕಥೆಯಿಂದ ಆ ನಿಜವಾದ ಕರಾವಳಿಗೆ ಬರೋಣ. ಭೂಮಿ ಕಣ್ಣಿಗೆ ಕಾಣದಷ್ಟು ದೂರದಲ್ಲಿ ಮೊದಲ ಎಣ್ಣೆಬಾವಿಯನ್ನು ಕೆರ್-ಮೆಗೀ ಎಂಬ ಕಂಪನಿ ಲೂಸಿಯಾನಾದ ಎದುರಿಗೆ 1947ರಲ್ಲಿ ಕೊರೆದು ಗೆದ್ದಿತು. ಅಲ್ಲಿ ನೀರಿನ ಆಳ ಇಪ್ಪತ್ತು ಅಡಿಗಿಂತ ಹೆಚ್ಚಿರಲಿಲ್ಲ. ಸಮುದ್ರದ ತಳ ಯಾರ ಸೊತ್ತು ಎಂಬ ಮೊಕದ್ದಮೆ ಕೇಂದ್ರಸರ್ಕಾರಕ್ಕೂ ರಾಜ್ಯಗಳಿಗೂ ನಡುವೆ ವರ್ಷಗಟ್ಟಲೆ ನಡೆದು, ಚಿತ್ರ ತೆರೆಕಂಡ 1953ರಲ್ಲಿಯೇ ಅಮೆರಿಕದ ಕಾಂಗ್ರೆಸ್ಸು ಎರಡು ಕಾನೂನುಗಳನ್ನು ಮಾಡಿ ಹಂಚಿಕೆಯನ್ನು ತೀರ್ಮಾನಿಸಿತು. ದಡಕ್ಕೆ ಹತ್ತಿರದ ತಳ ರಾಜ್ಯಗಳಿಗೆ, ಆಚೆಯದು ಕೇಂದ್ರಕ್ಕೆ. ಆ ನೀರಿನಲ್ಲಿ ಬಲೆ ಬೀಸುತ್ತಿದ್ದವರಿಗೆ ಈ ಹಂಚಿಕೆಯಲ್ಲಿ ಪಾಲಿರಲಿಲ್ಲ. ಅವರಲ್ಲಿ ಬಹುಮಂದಿ 1755ರಿಂದಾಚೆಗೆ ಇಂಗ್ಲಿಷರು ಕೆನಡಾದ ಕಡಲಂಚಿನಿಂದ ಹೊರದೂಡಿದ ಫ್ರೆಂಚ್ ಜನರ ಸಂತತಿಯವರು. ಒಮ್ಮೆ ನೆಲೆ ಕಳೆದುಕೊಂಡು ಆ ಜೌಗುನೆಲದಲ್ಲಿ ಮತ್ತೆ ನೆಲೆ ಕಂಡವರು.

ಮೊದಲಲ್ಲಿ ಚಿತ್ರದ ಭವಿಷ್ಯವಾಣಿ ನಿಜವಾದಂತೆಯೇ ತೋರಿತು. ಬೆಸ್ತರ ಮಕ್ಕಳಿಗೆ ಅಟ್ಟಣೆಗಳಲ್ಲಿಯೂ ಸರಕುದೋಣಿಗಳಲ್ಲಿಯೂ ಒಳ್ಳೆಯ ಸಂಬಳದ ಕೆಲಸ ಸಿಕ್ಕಿತು. ಅಟ್ಟಣೆಗಳ ಉಕ್ಕಿನ ಕಾಲುಗಳಿಗೆ ಚಿಪ್ಪುಜೀವಿಗಳು ಅಂಟಿ, ಅವನ್ನರಸಿ ಮೀನುಗಳು ಬಂದು, ಆ ಕಾಲುಗಳೇ ಮೀನಿನ ತಾಣಗಳಾದುವು. ಮಾರ್ಗನ್ ಸಿಟಿ ಎಂಬ ಊರಿನಲ್ಲಿ ಸೀಗಡಿ ಮತ್ತು ಕಲ್ಲೆಣ್ಣೆ ಎರಡರ ಹೆಸರಿನಲ್ಲಿಯೂ ಸೇರಿಸಿ ವರ್ಷಕ್ಕೊಮ್ಮೆ ಉತ್ಸವ ನಡೆಸುತ್ತಾರೆ. ಚಿತ್ರದ ಕೊನೆಯ ದೃಶ್ಯವೇ ಹಬ್ಬವಾದಂತಾಯಿತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಸೀಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಾದರೂ ಮರಿಗಳು ಬೆಳೆಯುವುದು ದಡದ ಜೌಗಿನಲ್ಲಿ. ಆ ಜೌಗಿನ ಮೂಲಕ ಎಣ್ಣೆಬಾವಿಗಳಿಗೆ ದಾರಿಮಾಡಲು, ಕೊಳವೆಗಳನ್ನು ಹಾಯಿಸಲು ಸಾವಿರಾರು ಮೈಲಿ ಕಾಲುವೆಗಳನ್ನು ತೋಡಿದರು. ಕಾಲುವೆಗಳಿಂದ ಉಪ್ಪುನೀರು ಒಳನುಗ್ಗಿ ಹುಲ್ಲು ಸತ್ತಿತು; ಬೇರು ಸತ್ತಾಗ ಮಣ್ಣು ಕರಗಿತು. ಇದಕ್ಕೆ ಎಣ್ಣೆಯೊಂದೇ ಕಾರಣವಲ್ಲ. ಮಿಸಿಸಿಪ್ಪಿ ನದಿಗೆ ಒಡ್ಡು ಕಟ್ಟಿ ಹೂಳು ಹರಡದಂತೆ ಮಾಡಿದ್ದು, ನೆಲ ತಾನಾಗಿ ಕುಸಿಯುತ್ತಿರುವುದು, ಕಡಲು ಏರುತ್ತಿರುವುದು ಎಲ್ಲವೂ ಕೂಡಿವೆ. 1932ರಿಂದ 2016ರ ವರೆಗೆ ಲೂಸಿಯಾನಾ ಕಳೆದುಕೊಂಡ ಕರಾವಳಿ ನೆಲ ಸುಮಾರು 4,800 ಚದರ ಕಿಲೋಮೀಟರು. ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡ ಪ್ರದೇಶ. ಇದರ ಮೇಲೆ 2010ರ ಏಪ್ರಿಲ್ 20ರಂದು 'ಡೀಪ್‌ವಾಟರ್ ಹೊರೈಜನ್' ಎಂಬ ತೇಲುವ ಅಟ್ಟಣೆ ಸ್ಫೋಟಿಸಿ 11 ಮಂದಿ ಸತ್ತರು. 87 ದಿನ ಎಣ್ಣೆ ಕೊಲ್ಲಿಗೆ ಹರಿಯಿತು. ಒಂದು ಹಂತದಲ್ಲಿ ಅಮೆರಿಕದ ಕೇಂದ್ರಸರ್ಕಾರಕ್ಕೆ ಸೇರಿದ ಕೊಲ್ಲಿಯ ನೀರಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರದೇಶದಲ್ಲಿ ಮೀನುಗಾರಿಕೆ ನಿಷೇಧವಾಯಿತು.

ತರಗತಿಯಲ್ಲಿ ಖಾಂಡವದಹನವನ್ನು ಪಾಠ ಹೇಳುವಾಗ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: ಅಗ್ನಿಗೆ ಹಸಿವಾದರೆ ಹಕ್ಕಿಗಳು ಏಕೆ ಸಾಯಬೇಕು ಸಾರ್? ಕೃಷ್ಣಾರ್ಜುನರಿಗೆ ಆ ದಹನದಿಂದ ಬಂದ ಲಾಭ ಕಡಮೆಯದಲ್ಲ. ಅರ್ಜುನನಿಗೆ ಗಾಂಡೀವ ಬಂದಿತು. ಉಳಿಸಿದ ಮಯನಿಂದ ಇಂದ್ರಪ್ರಸ್ಥದಲ್ಲಿ ಸಭೆ ಎದ್ದಿತು. ಆದರೆ ತಾಯಿಯನ್ನು ಕಳೆದುಕೊಂಡು ತಪ್ಪಿಸಿಕೊಂಡ ಅಶ್ವಸೇನನೆಂಬ ಹಾವಿನ ಮರಿಯೊಂದು ಉಳಿಯಿತು. ಎಷ್ಟೋ ವರ್ಷಗಳ ಮೇಲೆ ಕುರುಕ್ಷೇತ್ರದಲ್ಲಿ ಕರ್ಣನ ಬಾಣವನ್ನು ಹೊಕ್ಕು ಅರ್ಜುನನ ಕೊರಳಿಗೆ ಬಂದಿತು. ಲೆಕ್ಕಕ್ಕೆ ಸೇರಿಸದೆ ಬಿಟ್ಟದ್ದು ಎಲ್ಲೋ ಉಳಿದಿರುತ್ತದೆ ಎಂಬುದನ್ನು ವ್ಯಾಸರು ಬಲ್ಲರು. ನಮ್ಮ ಚಿತ್ರಕಾರರು ಮಯಸಭೆಯ ಗೃಹಪ್ರವೇಶಕ್ಕೆ ಕಥೆಯನ್ನು ನಿಲ್ಲಿಸಿಬಿಟ್ಟರು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು, ಅದು ನ್ಯಾಯವಾದದ್ದೇ. ಸೀಗಡಿ ಬಂತೆಂದು ಸ್ಟೀವನನ್ನು ಹೊಗಳುವುದು ತಪ್ಪಾದರೆ, ಜೌಗು ಕರಗಿತೆಂದು, 2010ರಲ್ಲಿ ಅನರ್ಥವಾಯಿತೆಂದು ಅವನನ್ನು ತೆಗಳುವುದೂ ತಪ್ಪಲ್ಲವೆ? ಅದೂ ಫಲವನ್ನು ನೋಡಿ ಕರ್ಮವನ್ನು ಅಳೆದಂತೆಯೇ ಅಲ್ಲವೆ? ನಿಜ. 1946ರ ಮನುಷ್ಯನಿಗೆ 2010 ಕಾಣಿಸದು. ಅನರ್ಥವನ್ನು ತೋರಿಸಿ ಅವನು ಕೆಟ್ಟವನೆಂದು ಸಾಧಿಸಿದರೆ, ಚಿತ್ರ ಮಾಡಿದ ತಪ್ಪನ್ನೇ ನಾವು ತಿರುವಿ ಮಾಡಿದಂತಾಗುತ್ತದೆ. ಹೊಂಬಣ್ಣದ ಸೀಗಡಿ ಅವನ ಪುಣ್ಯಕ್ಕೆ ಸಾಕ್ಷಿಯಾಗದು. ಕಪ್ಪಾದ ಕಡಲು ಅವನ ಪಾಪಕ್ಕೆ ಸಾಕ್ಷಿಯಾಗದು.

ಹಾಗಾದರೆ ಸಾಕ್ಷಿ ಯಾವುದು? ಕೆಲಸಕ್ಕೆ ಕೈಹಾಕುವ ದಿನವೇ, ಫಲ ಇನ್ನೂ ಕಾಣದ ಹೊತ್ತಿನಲ್ಲಿಯೇ, ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ನಷ್ಟವಾದರೆ ಹೊರುವವರು ಯಾರು, ಅವರನ್ನು ಕೇಳಿದೆನೆ? ನನಗೆ ತಿಳಿದದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಅವರಿಗೆ ಮರೆಮಾಡದೆ ಹೇಳಿದೆನೆ? ಗೆದ್ದರೆ ಅವರಿಗೆ ಪಾಲುಂಟೆ? ಹಾನಿಯಾಗುತ್ತಿದೆಯೆಂದು ಕಂಡರೆ ನಿಲ್ಲಿಸುವ ಮನಸ್ಸು ನನಗಿದೆಯೆ? ಇವಕ್ಕೆ ಉತ್ತರ ಕೊಡಲು ಭವಿಷ್ಯಜ್ಞಾನ ಬೇಕಿಲ್ಲ. ಇವನ್ನು ಕೇಳಿಕೊಂಡು, ಸರಿಯಾದ ಉತ್ತರ ಕೊಟ್ಟು, ಆಮೇಲೆ ಸೋತವನಿದ್ದರೆ ಅವನ ಸೋಲಿನಲ್ಲಿಯೂ ಗೌರವವಿದೆ. ಕೇಳದೆ ಗೆದ್ದವನ ಗೆಲುವು ಲಾಟರಿಯ ಗೆಲುವು. ಸ್ಟೀವ್ ಮಾರ್ಟಿನ್ ಧೀರ, ಪ್ರಾಮಾಣಿಕ, ಸ್ವಂತ ಸುಖವನ್ನು ಬಯಸದವನು. ಆದರೆ ಈ ಪ್ರಶ್ನೆಗಳನ್ನು ಅವನು ಕೇಳಲಿಲ್ಲ, ಊರಿನವರು ಕೇಳಿದಾಗ ಉತ್ತರದ ಬದಲು ಭಾಷಣ ಮಾಡಿದ. ಅವನ ದೋಷ ಇಷ್ಟೆ. ಆದರೆ ಇದು ಸಣ್ಣ ದೋಷವಲ್ಲ. ಎಣ್ಣೆ ಸಿಕ್ಕಲಿ ಬಿಡಲಿ, ಸೀಗಡಿ ಬರಲಿ ಬಾರದಿರಲಿ, ಇದು ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ.

ಆ ಕರಾವಳಿಯ ಬೆಸ್ತರಿಗೆ ಈಗ ಹೊಸ ಕಷ್ಟವೊಂದು ಬಂದಿದೆ. ಹೊರದೇಶಗಳ ಕೆರೆಗಳಲ್ಲಿ ಸಾಕಿದ ಅಗ್ಗದ ಸೀಗಡಿ ಅಮೆರಿಕದ ಮಾರುಕಟ್ಟೆಯನ್ನು ತುಂಬಿ ಅವರ ಸೀಗಡಿಗೆ ಬೆಲೆಯಿಲ್ಲದಂತಾಗಿದೆ. ಆ ಆಮದಿನಲ್ಲಿ ದೊಡ್ಡ ಪಾಲು ಭಾರತದ್ದು. ಆ ಕೆರೆಗಳನ್ನು ತೋಡಿದವರಿಗೂ, ಅದರ ಡಾಲರನ್ನು ಎಣಿಸುವ ನಮಗೂ, ಪೋರ್ಟ್ ಫೆಲಿಸಿಟಿಯ ಸ್ಟೆಲ್ಲಾಳಂಥವಳೊಬ್ಬಳು ಎದುರಿಗೆ ಬಂದು ನಿಂತರೆ, ಭಾಷಣವನ್ನು ಬಿಟ್ಟು ಬೇರೆ ಉತ್ತರ ಹೇಳಲು ಬರುತ್ತದೆಯೇ ಎಂಬುದನ್ನು ಯೋಚಿಸಬೇಕು.